ಕೆಂಪು ಬಾಟಲಿಯ ಹೆಸರು

ಈ ಹಳೇ ಸ್ಕ್ರೀನ್‌ಶಾಟ್ ನೋಡಿ. ರಾಗ್ನರಾಕ್ ಆನ್‌ಲೈನ್, 2002ರಲ್ಲಿ ಕೊರಿಯಾದಲ್ಲಿ ಶುರುವಾದ ಆಟ. ಗುಲಾಬಿ ಜೆಲ್ಲಿ ಥರ ಕುಪ್ಪಳಿಸುತ್ತಾ ಇದೆಯಲ್ಲ, ಅದೇ ಪೋರಿಂಗ್. ನನಗೆ ತೋರಿಸಬೇಕಿರುವುದು ಅದಲ್ಲ. ಇಲ್ಲಿ, ಚೀಲದೊಳಗೆ ನೋಡಿ.

ಒಂದು ಕೆಂಪು ಬಾಟಲಿ. ಹೆಸರು ಇರಬೇಕಾದ ಜಾಗದಲ್ಲಿ ಏನಿದೆ? ತಲೆಕೆಳಗಾದ ಆಶ್ಚರ್ಯಸೂಚಕ. ಪೌಂಡ್ ಗುರುತು. ಭಾಗಾಕಾರದ ಗುರುತು. ಕಾಲು ಭಾಗ. ಒಟ್ಟು ಎಂಟು ಗುರುತುಗಳು, ಒಂದಕ್ಕೊಂದು ಸಂಬಂಧವೇ ಇಲ್ಲ.

ನಾನು ಆಡುತ್ತಿದ್ದದ್ದು ಒಂದು ಚಿಕ್ಕ ಸರ್ವರ್. ಅಲ್ಲಿ ಎಲ್ಲವೂ ಇಂಗ್ಲಿಷಿಗೆ ಬಂದಿರಲಿಲ್ಲ. ಕುಡಿದರೆ ಜೀವ ಏರುತ್ತದೆ ಅಂತ ಚಿತ್ರ ನೋಡಿದರೇ ಗೊತ್ತಾಗುತ್ತಿತ್ತು. ಹೆಸರು ಯಾಕೆ ಬೇಕು ಅಂತ ಸುಮ್ನೆ ಕುಡಿಯುತ್ತಿದ್ದೆ.

ಅಪ್ಪನದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಕರಪತ್ರ, ಎಲ್ಲಾ 'ನುಡಿ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲೇ ಟೈಪ್ ಮಾಡುತ್ತಿದ್ದರು. ರಾತ್ರಿ ಬಾಗಿಲು ಹಾಕಿದ ಮೇಲೆ ಆ ಕಂಪ್ಯೂಟರ್ ನನ್ನದು. ಒಂದು ದಿನ ಹಿಂದೆ ನಿಂತು ನೋಡಿದವರು, "ಫಾಂಟ್ ಹಾಕಿಲ್ವೇನೋ?" ಅಂದರು.

ನನಗೆ ಮೈ ಜುಂ ಅಂತು. ನುಡಿ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ 'ಕನ್ನಡ' ಅನ್ನುವ ಪದ ಹೇಗೆ ಕಾಣುತ್ತದೆ, ನೆನಪಿದೆಯಾ? ಇಂಗ್ಲಿಷಿನ ಪಿ, ತಲೆ ಮೇಲೆ ಗೀಟಿರುವ ಎ, ಆಮೇಲೆ ಪೌಂಡ್ ಗುರುತು! ಅದೇ ಪೌಂಡ್ ಗುರುತು. ನಾನು ಕಸ ಅಂದುಕೊಂಡಿದ್ದು ಕಸ ಅಲ್ಲ. ಯಾರೋ ಮನಸ್ಸಿಟ್ಟು ಬರೆದ ಅವರ ಭಾಷೆ.

ಎರಡರ ಕಾರಣ ಪೂರ್ತಿ ಒಂದೇ ಅಲ್ಲ. ನುಡಿಯಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚಿತ್ರ ಕೂರಿಸಿರುತ್ತಾರೆ. ಕೊರಿಯನ್ನಿನ ಹಳೇ ಪದ್ಧತಿಯಲ್ಲಿ ಒಂದೊಂದು ಅಕ್ಷರಕ್ಕೂ ಎರಡೆರಡು ಬೈಟ್, ಅಂದರೆ ಕಂಪ್ಯೂಟರ್ ಮಾಹಿತಿ ಇಡುವ ಎರಡೆರಡು ಚಿಕ್ಕ ತುಣುಕು. ಅದು ಗೊತ್ತಿಲ್ಲದ ವಿಂಡೋಸ್ ಬೈಟಿಗೊಂದರಂತೆ ಗುರುತು ತೋರಿಸುತ್ತದೆ. ಅಂದರೆ ನನ್ನ ಎಂಟು ಗುರುತು, ನಾಲ್ಕೇ ಅಕ್ಷರ.

ಮಾರನೇ ದಿನ ಆಟದ ಫೋಲ್ಡರ್ ಹುಡುಕಿದೆ. ವಸ್ತುಗಳ ಹೆಸರಿನ ಪಟ್ಟಿ ಒಂದು ಸಾದಾ ಟೆಕ್ಸ್ಟ್ ಫೈಲು. 501ನೇ ನಂಬರಿನ ಮುಂದೆ ಅದೇ ಎಂಟು ಗುರುತು. ವಿಂಡೋಸ್ ಸೆಟ್ಟಿಂಗಿನಲ್ಲಿ ಕೊರಿಯನ್ ಆರಿಸಿ, ರೀಸ್ಟಾರ್ಟ್ ಮಾಡಿ, ಫೈಲನ್ನು ಮತ್ತೆ ತೆರೆದೆ. ಚೌಕ ಚೌಕವಾಗಿ ನಾಲ್ಕು ಮುದ್ದಾದ ಅಕ್ಷರಗಳು ಕೂತಿದ್ದವು. ಎಷ್ಟು ಹೊತ್ತು ನೋಡಿದೆನೋ.

ಅಪ್ಪನನ್ನು ಕರೆದೆ. ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. "ಚೆನ್ನಾಗಿದೆ ಕಣೋ. ಓದು ನೋಡೋಣ."

ಓದಲು ಬರಲಿಲ್ಲ ನನಗೆ.

ಈ ವರ್ಷ ಕೊರಿಯನ್ನಿನ ಹಂಗುಲ್ ಲಿಪಿ ಕಲಿತೆ. ಕಾಗುಣಿತ ಬರೆದು ಬೆಳೆದವರಿಗೆ ವ್ಯಂಜನ, ಸ್ವರ ಜೋಡಿಸುವುದು ಕಷ್ಟ ಅನ್ನಿಸುವುದಿಲ್ಲ. ಮೊದಲು ಓದಿದ್ದು ಆ ಬಾಟಲಿಯನ್ನೇ. ಪಾಲ್ಗನ್ ಅಂದರೆ ಕೆಂಪು. ಫೋಶನ್ ಅಂದರೆ ಇಂಗ್ಲಿಷಿನ ಪೋಶನ್ನೇ! ನಾವು ಬಸ್ಸನ್ನು ಬಸ್ಸು ಅಂತ ಬರೆದುಕೊಂಡ ಹಾಗೆ ಅವರೂ ಬರೆದುಕೊಂಡಿದ್ದಾರೆ.

ಮೊನ್ನೆ ಊರಿಗೆ ಹೋದಾಗ ಇದೇ ಸ್ಕ್ರೀನ್‌ಶಾಟ್ ಹಿಡಿದು ಅಪ್ಪನ ಪಕ್ಕ ಕೂತೆ. "ಪಾಲ್ಗನ್ ಫೋಶನ್," ಅಂದೆ. ಅಪ್ಪ ಎರಡು ಸಲ ಹೇಳಿಸಿಕೊಂಡರು. ಆಮೇಲೆ ತಾವೂ ಹೇಳಿದರು.