ಬಿಸಿಲು, ಕ್ಲೋರಿನ್ ಮತ್ತು ಬಗ್ಗದ ಪರಾವಲಂಬಿ

ಮಾನ್ಯರೇ,

ಕುಡಿಯುವ ನೀರಿಗೆ ತಕ್ಕ ಪ್ರಮಾಣದಲ್ಲಿ ಬ್ಲೀಚಿಂಗ್ ಪೌಡರ್ ಬೆರೆಸಿದರೆ ಕಾಲರಾ, ಟೈಫಾಯ್ಡ್‌ಗಳನ್ನು ತಡೆಯಬಹುದೆಂಬುದನ್ನು ಊರಿನ ವಾಟರ್‌ಮನ್‌ನಿಂದ ಹಿಡಿದು ಎಂಜಿನಿಯರ್‌ವರೆಗೆ ಎಲ್ಲರೂ ಬಲ್ಲರು. ಆದರೆ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿ ಇದಕ್ಕೆ ಬಗ್ಗುವುದಿಲ್ಲ. ಸುಮಾರು 5 ಮೈಕ್ರೋಮೀಟರ್ ಅಗಲದ ಅದರ ಓಸಿಸ್ಟ್ ಎಂಬ ಕೋಶದೊಳಗೆ ಸೋಂಕು ಹರಡುವ ನಾಲ್ಕು ಜೀವಿಗಳು ಅಡಗಿದ್ದು, ಕರುಳನ್ನು ತಲುಪಿದ ಮೇಲೆ ಗೋಡೆ ಬಿರಿದು ಹೊರಬರುತ್ತವೆ. ಲೀಟರಿಗೆ 1 ಮಿಲಿಗ್ರಾಂ ಕ್ಲೋರಿನ್ ಇರುವ ನೀರಿನಲ್ಲಿ ಈ ಕೋಶ ವಾರಕ್ಕೂ ಹೆಚ್ಚು ಕಾಲ ಜೀವಂತವಾಗಿರಬಲ್ಲದು. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಶುದ್ಧೀಕರಣ ಘಟಕವನ್ನು ದಾಟಿ ಬಂದ ಇದೇ ಜೀವಿಯಿಂದ ಸುಮಾರು 4 ಲಕ್ಷ ಜನ ಕಾಯಿಲೆ ಬಿದ್ದರು. ಆಫ್ರಿಕಾ ಮತ್ತು ದಕ್ಷಿಣ ಏಷ್ಯಾದ ಏಳು ಕಡೆ, ಕೋಲ್ಕತ್ತಾವೂ ಸೇರಿದಂತೆ, ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವು ಎಳೆಯ ಮಕ್ಕಳ ತೀವ್ರ ಭೇದಿಗೆ ಇದು ಪ್ರಮುಖ ಕಾರಣಗಳಲ್ಲೊಂದೆಂದು ತೋರಿಸಿತು. ನನ್ನ ಮಟ್ಟಿಗೆ, ಈ ವಿಷಯದ ತೂಕವಿರುವುದು ಆ ಮಕ್ಕಳಲ್ಲಿ.

ಪಾರದರ್ಶಕ ಪ್ಲಾಸ್ಟಿಕ್‌ನ ಪೆಟ್ ಬಾಟಲಿಯಲ್ಲಿ ನೀರು ತುಂಬಿ ಆರು ಗಂಟೆ ಬಿಸಿಲಿಗಿಡುವ ವಿಧಾನ ಬ್ಯಾಕ್ಟೀರಿಯಾಗಳಿಗೆ ಸಾಕು. ಓಸಿಸ್ಟ್‌ಗೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಇಲ್ಲಿಯೇ ಕ್ಲೋರಿನ್ ಮತ್ತು ಬಿಸಿಲನ್ನು ಕೂಡಿಸುವ ವಿಚಾರ ಬರುತ್ತದೆ. ಬಿಸಿಲು ಬಿದ್ದರೆ ಕ್ಲೋರಿನ್ ಕೆಡುತ್ತದೆಂದು ಈಜುಕೊಳ ನಡೆಸುವವರು ಅದಕ್ಕೆ ಸಯನ್ಯೂರಿಕ್ ಆಮ್ಲ ಬೆರೆಸಿ ಕಾಪಾಡುತ್ತಾರೆ. ಆದರೆ ಅವರು ನಷ್ಟವೆಂದೆಣಿಸುವ ಆ ಕ್ರಿಯೆಯೇ ನಮಗೆ ಬೇಕಾದುದು. ಕ್ಲೋರಿನ್ ನೀರಿನಲ್ಲಿ ತಾಳುವ ರೂಪಗಳಲ್ಲೊಂದಾದ ಹೈಪೋಕ್ಲೋರೈಟ್ ಅಯಾನು ಸೂರ್ಯನ ನೇರಳಾತೀತ ಕಿರಣಗಳನ್ನು ಹೀರಿ ಒಡೆಯುವಾಗ, ಒಂದು ಕಡೆ, ಎದುರಾದುದರೊಡನೆ ಥಟ್ಟನೆ ವರ್ತಿಸುವ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳು ಹುಟ್ಟುತ್ತವೆ. ಇನ್ನೊಂದು ಕಡೆ, ಬಿಡುಗಡೆಯಾದ ಆಮ್ಲಜನಕದ ಪರಮಾಣು ನೀರಿನಲ್ಲಿ ಕರಗಿರುವ ಆಮ್ಲಜನಕದೊಡನೆ ಕೂಡಿ ಓಝೋನ್ ಆಗುತ್ತದೆ. ಓಝೋನ್ ಓಸಿಸ್ಟ್‌ನ ಮೇಲೆ ಕ್ಲೋರಿನ್‌ಗಿಂತ ಬಹಳ ಪರಿಣಾಮಕಾರಿ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕತ್ತಲಲ್ಲಿ ಕ್ಲೋರಿನ್‌ಗೆ ಜಗ್ಗದ ಓಸಿಸ್ಟ್‌ಗಳು ಬಿಸಿಲು ಕೂಡಿದಾಗ ಗಮನಾರ್ಹವಾಗಿ ನಿಷ್ಕ್ರಿಯಗೊಂಡವು.

ವಿದ್ಯುತ್ತಾಗಲಿ, ಓಝೋನ್ ಯಂತ್ರವಾಗಲಿ ಬೇಡದ ಈ ವಿಧಾನ ನನಗೆ ಬಹಳ ಭರವಸೆಯದಾಗಿ ಕಾಣುತ್ತದೆ. ಆದರೆ ಪಾತ್ರೆಯ ಆಯ್ಕೆ ಸಣ್ಣ ಸಂಗತಿಯಲ್ಲ. ಹೈಪೋಕ್ಲೋರೈಟ್ ಅತಿ ಹೆಚ್ಚು ಹೀರುವುದು 292 ನ್ಯಾನೋಮೀಟರ್ ಆಸುಪಾಸಿನ ತರಂಗಾಂತರದ ಕಿರಣಗಳನ್ನು. ಸಾಮಾನ್ಯ ಪೆಟ್ ಬಾಟಲಿ ಸುಮಾರು 320 ನ್ಯಾನೋಮೀಟರಿಗಿಂತ ಕಡಿಮೆ ತರಂಗಾಂತರದ ಕಿರಣಗಳನ್ನು ಬಹುಪಾಲು ತಡೆಯುತ್ತದೆ. ಆದ್ದರಿಂದ ಆ ಕಿರಣಗಳನ್ನು ಒಳಬಿಡುವ ಪಾಲಿಥಿಲೀನ್ ಚೀಲ ಅಥವಾ ತೆರೆದ, ಆಳವಿಲ್ಲದ ತೊಟ್ಟಿ ಹೆಚ್ಚು ಸೂಕ್ತ. ಕೆಸರು ನೀರನ್ನು ಮೊದಲು ಸೋಸಿ ತಿಳಿಯಾಗಿಸಬೇಕು, ಇಲ್ಲವಾದರೆ ಬೆಳಕು ಒಳಗಿಳಿಯುವುದೇ ಇಲ್ಲ. ಬ್ರೋಮೈಡ್ ಎಂಬ ಲವಣಾಂಶ ಹೆಚ್ಚಿರುವ ನೀರಿನಲ್ಲಿ ಬ್ರೋಮೇಟ್ ಎಂಬ ಹಾನಿಕರ ಉಪವಸ್ತು ಉಂಟಾಗಬಹುದಾದ್ದರಿಂದ ನೀರಿನ ಪರೀಕ್ಷೆಯೂ ಅಗತ್ಯ. ಬಿಸಿಲಿನಲ್ಲಿ ಕ್ಲೋರಿನ್ ಮುಗಿದುಹೋಗುವುದರಿಂದ, ಸಂಗ್ರಹಿಸಿಡುವ ನೀರಿಗೆ ಕೊನೆಯಲ್ಲಿ ಮತ್ತೆ ಸ್ವಲ್ಪ ಬೆರೆಸಬೇಕಾಗುತ್ತದೆ. ಇವೆಲ್ಲ ಹೊಂದಿಕೊಳ್ಳುವವರೆಗೆ, ಅನುಮಾನವಿರುವ ನೀರನ್ನು ಮಗುವಿಗೆ ಕೊಡುವ ಮುನ್ನ ಚೆನ್ನಾಗಿ ಕುದಿಸಿರಿ. ಒಂದು ನಿಮಿಷದ ಕುದಿತಕ್ಕೆ ಓಸಿಸ್ಟ್ ಉಳಿಯುವುದಿಲ್ಲ.