ವಿಂಡ್‌ಶೀಲ್ಡ್ ಮೇಲಿಂದ ನೋಡಿ, ಒಳಗಿಂದ ಅಲ್ಲ

ಬೈಕಿನ ವಿಂಡ್‌ಶೀಲ್ಡ್ ಅಂಚು ಸರಿಯಾಗಿ ಕಣ್ಣಿಗೇ ಅಡ್ಡ ಬರುತ್ತದೆ, ಒಮ್ಮೆ ಕತ್ತು ಚಾಚಿ ಒಮ್ಮೆ ಬಗ್ಗಿ ವರ್ಷಗಟ್ಟಲೆ ಓಡಿಸುತ್ತೀರಿ, ಆದರೂ ಅದನ್ನು ಕತ್ತರಿಸಲು ಕೈ ಬರುವುದಿಲ್ಲ. ದುಡ್ಡು ಕೊಟ್ಟು ತಂದದ್ದು ಅಲ್ವಾ! ನಾನು ಹೇಳುತ್ತೇನೆ, ಕತ್ತರಿಸಿ.

ಹಗಲು ಬಿಸಿಲಲ್ಲಿ ಶೀಲ್ಡ್ ಒಳಗಿಂದ ನೋಡಿದರೂ ಏನೂ ಅನ್ನಿಸುವುದಿಲ್ಲ. ರಾತ್ರಿ ಮಳೆ ಹಿಡಿಯಲಿ, ಎದುರಿಂದ ಒಂದು ಲಾರಿ ಬರಲಿ, ಆಗ ನೋಡಿ: ಒಂದೊಂದು ಹನಿಯೂ ಒಂದೊಂದು ದೀಪ, ರಸ್ತೆಯೇ ಮಾಯ. ಹೆಲ್ಮೆಟ್ಟಿನ ವೈಸರ್ ಆದರೆ ಕೈಯಲ್ಲಿ ಒರೆಸಬಹುದು. ಶೀಲ್ಡಿಗೆ ವೈಪರ್ ಎಲ್ಲಿದೆ?

ಹಾಗಾದರೆ ಎಷ್ಟು ಎತ್ತರ ಇರಬೇಕು? ಅಂಚು ಮೂಗಿನ ತುದಿಯ ನೇರಕ್ಕೆ ಬಂದರೆ ಹೆಚ್ಚಿನವರಿಗೆ ಸಾಕು. ಅಂಚಿಗೆ ಬಡಿದ ಗಾಳಿ ಅಲ್ಲಿಗೇ ನಿಲ್ಲುವುದಿಲ್ಲ, ಇನ್ನೂ ಮೇಲಕ್ಕೆ ಹಾರಿ ಹೆಲ್ಮೆಟ್ ದಾಟಿ ಹೋಗುತ್ತದೆ. ಎತ್ತರ ಜಾಸ್ತಿ ಇದ್ದಷ್ಟೂ ಗಾಳಿ ಕಡಿಮೆ ಅನ್ನುವ ಲೆಕ್ಕವೂ ಪೂರ್ತಿ ಸರಿಯಲ್ಲ, ಯಾಕಂದ್ರೆ ದೊಡ್ಡ ಶೀಲ್ಡಿನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ, ಸುತ್ತಲಿನ ಗಾಳಿ ಸುಳಿಸುತ್ತಿ ಒಳಗೆ ನುಗ್ಗುತ್ತದೆ, ತಲೆ ಗಡಗಡ ಅಲುಗುತ್ತದೆ.

ನನ್ನ ಮೊದಲ ಶೀಲ್ಡ್ ನಾನೇ ಹಾಳು ಮಾಡಿದೆ. ಬೈಕನ್ನು ಸೈಡ್ ಸ್ಟ್ಯಾಂಡಿಗೆ ಹಾಕಿ, ಪಕ್ಕದಲ್ಲಿ ನಿಂತು ಸುಮ್ನೆ ಅಂದಾಜಿಗೆ ಗೆರೆ ಎಳೆದೆ, ಕುಯ್ದೆ. ಕೂತು ನೋಡಿದರೆ ಅಂಚು ಗದ್ದಕ್ಕಿಂತ ಕೆಳಗೆ! ಕುಯ್ದದ್ದನ್ನು ಮತ್ತೆ ಅಂಟಿಸಲು ಆಗುತ್ತದಾ? ಆಗಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. ಹೆಲ್ಮೆಟ್, ಜಾಕೆಟ್ ಹಾಕಿಕೊಂಡು, ಬೈಕ್ ನೆಟ್ಟಗೆ ನಿಲ್ಲಿಸಿ, ದಿನಾ ಕೂರುವ ಹಾಗೇ ಕೂರುತ್ತೇನೆ. ನಮ್ಮ ಭಾರಕ್ಕೆ ಸಸ್ಪೆನ್ಷನ್ ತಗ್ಗುತ್ತದೆ, ಅದೂ ಲೆಕ್ಕಕ್ಕೆ ಬರಬೇಕು. ಗುರುತು ಹಾಕಲು ಇನ್ನೊಬ್ಬರು ಬೇಕು. ಆ ಗುರುತಿನ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ ಒಂದು ವಾರ ಓಡಿಸುತ್ತೇನೆ. ಟೇಪಿನ ಮೇಲಿಂದ ರಸ್ತೆ ಆರಾಮಾಗಿ ಕಂಡರೆ ಮಾತ್ರ ಗರಗಸ.

ಅದೂ ಗುರುತಿಗಿಂತ ಒಂದು ಸೆಂಟಿಮೀಟರ್ ಮೇಲೆ. ಅಂಚಿನ ಬಾಗು ಎರಡೂ ಕಡೆ ಒಂದೇ ಥರ ಬರಬೇಕಾದರೆ ಮಡಚಿದ ಕಾಗದದಲ್ಲಿ ಅರ್ಧ ಆಕಾರ ಕತ್ತರಿಸಿ ಬಿಚ್ಚಿಕೊಳ್ಳಿ. ಜಿಗ್‌ಸಾ ಅನ್ನುವ ಕರೆಂಟ್ ಗರಗಸಕ್ಕೆ ಸಣ್ಣ ಹಲ್ಲಿನ ಬ್ಲೇಡ್ ಹಾಕಿ, ವೇಗ ಕಡಿಮೆ ಇಡಿ. ಜೋರು ಮಾಡಿದರೆ ಬಿಸಿಗೆ ಪ್ಲಾಸ್ಟಿಕ್ ಕರಗಿ, ಕುಯ್ದ ಜಾಗವೇ ಬ್ಲೇಡಿನ ಹಿಂದೆ ಮತ್ತೆ ಅಂಟಿಕೊಳ್ಳುತ್ತದೆ. ಶೀಲ್ಡ್ ಪಾಲಿಕಾರ್ಬೊನೇಟ್ ಅನ್ನುವ ಪ್ಲಾಸ್ಟಿಕ್ಕಿನದಾದರೆ ಸ್ವಲ್ಪ ತಡೆದುಕೊಳ್ಳುತ್ತದೆ, ಅಕ್ರಿಲಿಕ್ ಅಲುಗಿದರೆ ಸಾಕು, ಚಟ್ ಅಂತ ಬಿರುಕು. ಆಮೇಲೆ ಅಂಚನ್ನು 220 ನಂಬರಿನ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಇನ್ನೂ ನಯವಾದ 400, 600ಕ್ಕೆ ಹೋಗಿ, ಬೆರಳಿಗೆ ದುಂಡಗೆ ಸಿಗುವವರೆಗೆ.

ಕತ್ತರಿಸಿದ ತುಂಡನ್ನು ಎಸೆಯಬೇಡಿ. ಪೆಟ್ರೋಲ್ ಆಗಲಿ, ಅಮೋನಿಯಾ ಇರುವ ಗಾಜಿನ ಕ್ಲೀನರ್ ಆಗಲಿ ಪ್ಲಾಸ್ಟಿಕ್ಕನ್ನು ಮಬ್ಬು ಮಾಡಬಹುದು, ಸಣ್ಣ ಸಣ್ಣ ಬಿರುಕು ಬಿಡಿಸಬಹುದು. ಯಾವುದೇ ಹೊಸ ದ್ರಾವಣ ತಂದರೂ ಮೊದಲು ಆ ತುಂಡಿಗೆ ಹಚ್ಚಿ ನೋಡಿ. ನನ್ನ ಟೂಲ್ ಬಾಕ್ಸಿನಲ್ಲಿ ಅಂಥ ಒಂದು ಪಟ್ಟಿ ಈಗಲೂ ಇದೆ, ಅರ್ಧ ಮಬ್ಬು, ಅರ್ಧ ಫಳಫಳ.