ಕುಡುಮಿ ಅನ್ನುವ ಹೆಸರು

ಕೇಳುಗರೇ, ನಮಸ್ಕಾರ.

ಹೋದ ತಿಂಗಳು ಪಕ್ಕದ ಮನೆಯ ಹುಡುಗ ಮುಖ ಸಪ್ಪಗೆ ಮಾಡಿಕೊಂಡು ಬಂದು ನಮ್ಮ ಜಗಲಿಯಲ್ಲಿ ಕೂತ. ಪಿಯುಸಿ ಓದುತ್ತಿದ್ದಾನೆ. ಕಾಲೇಜಿನಲ್ಲಿ ಅವನನ್ನು ಕುಡುಮಿ ಅಂತಲೇ ಕರೆಯುತ್ತಾರಂತೆ. "ಮೈದಾನಕ್ಕೆ ಬಾರೋ ಅಂದರೆ ಜೀರುಂಡೆ ನೋಡ್ತಾ ಕೂರ್ತಾನೆ" ಅಂತ ನಗುತ್ತಾರಂತೆ.

ನಮ್ಮ ಕಾಲದಲ್ಲಿ ಪುಸ್ತಕದ ಹುಳು ಅನ್ನುತ್ತಿದ್ದರು. ನನ್ನನ್ನೂ ಹಾಗೇ ಕರೆದಿದ್ದಾರೆ. ಓದುವವರಿಗೆ ಲೋಕಜ್ಞಾನ ಇಲ್ಲ, ಮೈಯಲ್ಲಿ ಕಸುವಿಲ್ಲ, ನಾಲ್ಕು ಜನರ ಜೊತೆ ಬೆರೆಯೋಕೆ ಬರಲ್ಲ. ಆ ಹೆಸರಿನ ಒಳಗೆ ಇಷ್ಟೆಲ್ಲ ತುಂಬಿರುತ್ತದೆ. ಹಾಕಿಯ ಮಾತು, ಮಿಲಿಟರಿಯ ಮಾತು ಮನೆಮನೆಯಲ್ಲೂ ಕೇಳುವ ಕೊಡಗಿನಲ್ಲಿ ಅದು ಹದಿನೇಳರ ಹುಡುಗನಿಗೆ ಇನ್ನೂ ಜಾಸ್ತಿ ಚುಚ್ಚುತ್ತದೆ.

ನಾನು ಒಳಗೆ ಹೋಗಿ ನಮ್ಮಪ್ಪನ ಮಳೆ ಪುಸ್ತಕ ತಂದು ಅವನ ಕೈಗಿಟ್ಟೆ. ನಮ್ಮ ಕಡೆ ಕಾಫಿ ತೋಟದವರಿಗೆ ಇದನ್ನು ವಿವರಿಸಬೇಕಿಲ್ಲ. ಬೆಳಿಗ್ಗೆ ಎದ್ದು ಅಂಗಳದ ಮಳೆ ಮಾಪಕ ನೋಡುವುದು, ಇಂಚು, ಅದರ ನೂರರಲ್ಲಿ ಒಂದು ಪಾಲಾದ ಸೆಂಟು, ಈ ಲೆಕ್ಕದಲ್ಲಿ ಬರೆದಿಡುವುದು. ಅಪ್ಪ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಆದರೂ ಒಂದು ದಿನ ತಪ್ಪಿಸಿದವರಲ್ಲ. ಒಂದು ಪುಟದಲ್ಲಿ ಹೀಗಿದೆ: "ಹೂಮಳೆ 1 ಇಂಚು 20 ಸೆಂಟ್. ಒಂಬತ್ತನೇ ದಿನ ಹೂ. ಕೆಳಗಿನ ರೊಬಸ್ಟಾದಲ್ಲಿ ಹೂ ಚೆನ್ನಾಗಿದೆ, ಕಾಯಿ ಕಚ್ಚಿಲ್ಲ. ಯಾಕೆ?" ಆ 'ಯಾಕೆ'ಯ ಕೆಳಗೆ, ಎಷ್ಟೋ ವರ್ಷ ಬಿಟ್ಟು, ಬೇರೆ ಬಣ್ಣದ ಶಾಯಿಯಲ್ಲಿ ಎರಡೇ ಪದ. "ಜೇನು ಇಲ್ಲ."

ಅಪ್ಪನನ್ನು ಯಾರೂ ಕುಡುಮಿ ಅನ್ನಲಿಲ್ಲ. ಒಳ್ಳೆ ಕೃಷಿಕ ಅಂದರು. ಹುಡುಗ ಮಾಡುತ್ತಿರುವುದೂ ಅದೇ ಕೆಲಸ, ಅಲ್ವಾ? ತೋಟದಲ್ಲಿ ಮಾಡಿದರೆ ಮರ್ಯಾದೆ, ಕ್ಲಾಸಿನ ಬೆಂಚಿನಲ್ಲಿ ಮಾಡಿದರೆ ಗೇಲಿ. ಇದು ನನಗೆ ಒಪ್ಪಿಗೆಯಿಲ್ಲ.

ಅವನಿಗೆ ನಡಿಕೇರಿಯಂಡ ಚಿಣ್ಣಪ್ಪನವರ ವಿಷಯವನ್ನೂ ಹೇಳಿದೆ. ಅವರು ಪೊಲೀಸ್ ಇಲಾಖೆಯಲ್ಲಿದ್ದವರು. ಆ ಕೆಲಸದ ನಡುವೆಯೇ ಊರೂರಿನ ಹಾಡುಗಾರರ ಬಾಯಲ್ಲಿದ್ದ ಕೊಡವ ಹಾಡು, ಗಾದೆ, ಪದ್ಧತಿಗಳನ್ನು ಕೂಡಿಹಾಕಿದರು. ದುಡಿ ಬಾರಿಸಿ ಹಾಡುವ ಆ ಹಾಡುಗಳು ಅಲ್ಲಿಯವರೆಗೆ ಜನರ ನೆನಪಿನಲ್ಲಿದ್ದವು. 1924ರಲ್ಲಿ 'ಪಟ್ಟೋಲೆ ಪಳಮೆ' ಅಚ್ಚಾಗಿ ಬಂತು. ಚಿಣ್ಣಪ್ಪನವರು ಹುಟ್ಟಿದ್ದು 1875ರಲ್ಲಿ. ಲೆಕ್ಕ ಹಾಕಿ, ಆಗ ಅವರಿಗೆ ಹತ್ತಿರ ಹತ್ತಿರ ಐವತ್ತು. ಜನರ ಜೊತೆ ಬೆರೆಯಲು ಬಾರದವರಿಗೆ ಇನ್ನೊಬ್ಬರ ಬಾಯಿಂದ ಹಾಡು ಸಿಗುತ್ತದೆಯೇ? ಕೊಡಗಿನ ಗೌರಮ್ಮನವರನ್ನೂ ನೆನೆಯಬೇಕು. ಕತೆ ಬರೆದರು, ಟೆನಿಸ್ಸನ್ನೂ ಆಡಿದರು. ಬದುಕಿದ್ದು 1912ರಿಂದ 1939ರವರೆಗೆ ಅಷ್ಟೇ.

ಈಗ ನನ್ನ ಮಾತು. ಕೆಲಸದಿಂದ ನಿವೃತ್ತಿ ಆದ ಮೇಲೆ ಅಪ್ಪನ ಆ ಎರಡು ಪದ ನನ್ನನ್ನು ಬಿಡಲಿಲ್ಲ. ಕಾಫಿಯಲ್ಲಿ ಅರೇಬಿಕಾ ಜಾತಿಯ ಹೂ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ರೊಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು. ಅದನ್ನು ಗಾಳಿ ತರಬೇಕು, ಇಲ್ಲ ಜೇನು ತರಬೇಕು. ಇಷ್ಟು ಓದಿ ತಿಳಿದುಕೊಂಡೆ. ಮೂರು ದಿನದ ತರಬೇತಿಗೆ ಹೋಗಿ ಒಂದು ಪೆಟ್ಟಿಗೆ ತುಡುವೆ ಜೇನು ತಂದೆ. 'ಈ ವಯಸ್ಸಲ್ಲಿ ಇದೆಲ್ಲ ಯಾಕೆ, ಸುಮ್ನೆ ಆರಾಮಾಗಿ ಇರಬಾರದಾ' ಅಂದವರೇ ಜಾಸ್ತಿ.

ಜುಲೈನಲ್ಲಿ ಒಂದು ಬೆಳಿಗ್ಗೆ ನೋಡಿದರೆ ಪೆಟ್ಟಿಗೆ ಖಾಲಿ. ಜೇನು ಕಟ್ಟಿದ್ದ ಮೇಣದ ಎರಿ ಒಣಗಿತ್ತು, ಅದರ ಮೇಲೆ ಇರುವೆ ಸಾಲು. ನನಗೆ ಅಳು ಬಂತು. ಆಗ ಒಂಬತ್ತನೇ ಕ್ಲಾಸಿನಲ್ಲಿದ್ದ ಇದೇ ಹುಡುಗ ಬೇಲಿ ದಾಟಿ ಬಂದ. "ಆಂಟಿ, ಜಡಿಮಳೆಯಲ್ಲಿ ಅವಕ್ಕೆ ಹೂ ಎಲ್ಲಿ ಸಿಗುತ್ತೆ? ಸಕ್ಕರೆ ಪಾಕ ಇಟ್ಟಿದ್ರಾ?" ಅಂದ. ಇಟ್ಟಿರಲಿಲ್ಲ. ತರಬೇತಿಯಲ್ಲಿ ಹೇಳಿದ್ದರು, ನನಗೆ ಅದರ ತೂಕ ಗೊತ್ತಾಗಿರಲಿಲ್ಲ. ಎರಡನೇ ಪೆಟ್ಟಿಗೆ ತಂದಾಗ ಸ್ಟ್ಯಾಂಡಿನ ನಾಲ್ಕೂ ಕಾಲಿಗೆ ನೀರಿನ ಬಟ್ಟಲು ಇಟ್ಟೆವು, ಇರುವೆ ಹತ್ತದಿರಲಿ ಅಂತ.

ಪೆಟ್ಟಿಗೆಯೊಳಗೆ ಜೇನು ಎರಿ ಕಟ್ಟುವ ಫ್ರೇಮ್ ಹಿಡಿಯುವುದನ್ನು ಕಲಿಸಿದ್ದೂ ಅವನೇ. ಬಿಸಿಲಿಗೆ ಬೆನ್ನು ಕೊಟ್ಟು ನಿಲ್ಲಬೇಕು, ಬೆಳಕು ಹೆಗಲ ಮೇಲಿಂದ ಕೋಶದ ತಳಕ್ಕೆ ಬೀಳಬೇಕು. ಮೊದಲು ಏನೂ ಕಾಣಲಿಲ್ಲ. ಫ್ರೇಮನ್ನು ಸ್ವಲ್ಪ ಓರೆ ಮಾಡಿದಾಗ ಕಂಡಿತು. ಪ್ರತಿ ಕೋಶದ ತಳದಲ್ಲಿ ಒಂದೊಂದು ಬಿಳಿ ಮೊಟ್ಟೆ, ದಾರದ ತುಣುಕಿನ ಹಾಗೆ. ಮೂರು ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಹಾಗಾಗಿ ಮೊಟ್ಟೆ ಕಂಡರೆ ಮೂರು ದಿನದ ಹಿಂದಿನವರೆಗಾದರೂ ರಾಣಿ ಅಲ್ಲಿತ್ತು ಅಂತ ಅರ್ಥ, ಅದನ್ನು ಹುಡುಕಿ ಕಾಡಬೇಕಿಲ್ಲ. ಐವತ್ತೆಂಟು ವರ್ಷ ಈ ತೋಟದಲ್ಲೇ ಓಡಾಡಿದ್ದೇನೆ. ಆ ಮೊಟ್ಟೆ ನೋಡಿದ್ದು ಅವತ್ತೇ ಮೊದಲು. ಅವತ್ತಿನ ಖುಷಿಯನ್ನು ಯಾರಿಗೂ ಸರಿಯಾಗಿ ಹೇಳಲು ನನಗೆ ಇನ್ನೂ ಆಗಿಲ್ಲ.

ಆಮೇಲೆ ಒಬ್ಬರು ಹಿರಿಯ ಜೇನು ಸಾಕಣೆಗಾರರ ಹತ್ತಿರ ಕೂತೆ. ತೊಂಬತ್ತರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಜೇನನ್ನು ಗುಡಿಸಿ ಹಾಕಿತು. ಮರಿಹುಳುಗಳು ಕೋಶದಲ್ಲೇ ನೀರು ತುಂಬಿದ ಚೀಲದ ಹಾಗಾಗಿ ಸಾಯುತ್ತಿದ್ದವು ಅಂತ ಅವರು ಬೆರಳು ಮಾಡಿ ತೋರಿಸಿದರು. ಮನೆಗೆ ಬಂದು ಅಪ್ಪನ ಪುಸ್ತಕ ತೆರೆದೆ. "ಜೇನು ಇಲ್ಲ" ಅಂತ ಬರೆದ ಪುಟ ಅದೇ ಕಾಲದ್ದು.

ನಿಮ್ಮ ಮನೆಯಲ್ಲೂ ಇಂಥ ಮಗು ಇರಬಹುದು. ಅದನ್ನು ಪಂಚಾಯಿತಿಯ ಗ್ರಂಥಾಲಯಕ್ಕೆ, ಅರಿವು ಕೇಂದ್ರ ಅನ್ನುತ್ತಾರಲ್ಲ, ಅಲ್ಲಿಗೆ ಕರೆದುಕೊಂಡು ಹೋಗಿ. ಅದಕ್ಕೆ ಗೊತ್ತಿರುವುದನ್ನು ನೀವೂ ಕೇಳಿ ಕಲಿಯಿರಿ.

ಹೋದ ಭಾನುವಾರ ಹುಡುಗ ಇಬ್ಬರು ಗೆಳೆಯರನ್ನು ಕರೆದುಕೊಂಡು ಬಂದಿದ್ದ. ಒಬ್ಬನ ಹೆಗಲಲ್ಲಿ ಹಾಕಿ ಸ್ಟಿಕ್ ಇತ್ತು. ಅವನು ಕಾಳುಮೆಣಸಿನ ಬಳ್ಳಿಯ ಹಿಂದೆಯೇ ನಿಂತಿದ್ದ, ಕಚ್ಚುತ್ತೆ ಅನ್ನುವ ಭಯ. ನಾನು ಫ್ರೇಮ್ ಎತ್ತಿ ಬಿಸಿಲಿಗೆ ಓರೆ ಮಾಡಿದೆ. ಸ್ವಲ್ಪ ಹೊತ್ತಿಗೆ ಸ್ಟಿಕ್ಕನ್ನು ಬಳ್ಳಿಗೆ ಒರಗಿಸಿ ಒಂದೊಂದೇ ಹೆಜ್ಜೆ ಹತ್ತಿರ ಬಂದ.

"ಆಂಟಿ, ಇದರಲ್ಲಿ ರಾಣಿ ಯಾವುದು?" ಅಂತ ಕೇಳಿದ.

ನಾಲ್ಕೂ ಜನ ಫ್ರೇಮಿನ ಮೇಲೆ ಬಗ್ಗಿದೆವು.

ನಮಸ್ಕಾರ.